ಆಕರದಿಂದ ಪ್ರಶ್ನೆಗೆ: ಮಾಸೂರು ಪರಿಸರ ಮತ್ತು ಸಂಶೋಧನಾರ್ಥಿಯ ತರಬೇತಿ

೧. ಪ್ರಸ್ತಾವನೆ

ಕನ್ನಡ ವಿಭಾಗಗಳಲ್ಲಿ ಪಿಎಚ್.ಡಿ. ಪದವಿಗೆ ನೋಂದಾಯಿಸುವ ಅನೇಕರು ಕವಿಯ ಹೆಸರಿನ ಮುಂದೆ ‘ಒಂದು ಅಧ್ಯಯನ’ ಎಂದು ಸೇರಿಸಿದ ಶೀರ್ಷಿಕೆಯೊಂದಿಗೆ ಬರುತ್ತಾರೆ. ಅದು ವಿಷಯವೇ ಹೊರತು ಪ್ರಶ್ನೆಯಲ್ಲ. ವಿಷಯವನ್ನು ಪ್ರಶ್ನೆಯಾಗಿ ಮಾರ್ಪಡಿಸುವ ಶಕ್ತಿಯನ್ನು ಅಭ್ಯರ್ಥಿಯಲ್ಲಿ ಬೆಳೆಸುವುದು ಮಾರ್ಗದರ್ಶಕರ ಮೊದಲ ಹೊಣೆ. ಸಂಶೋಧನಾ ವಿಧಾನವನ್ನು ಕುರಿತ ಉಪನ್ಯಾಸಗಳಷ್ಟರಿಂದಲೇ ಈ ಶಕ್ತಿ ಬರುವುದಿಲ್ಲ. ಆಕರಗಳ ಎದುರು ಕುಳಿತು ಕಲಿಯಬೇಕಾಗುತ್ತದೆ. ಹಾವೇರಿ ಜಿಲ್ಲೆಯ ಮಾಸೂರು ಪರಿಸರವನ್ನು ನಿದರ್ಶನವಾಗಿಟ್ಟುಕೊಂಡು ಈ ಅಂಶವನ್ನು ಇಲ್ಲಿ ವಿವೇಚಿಸಲಾಗಿದೆ.

೨. ಸರ್ವಜ್ಞನ ಜನ್ಮವೃತ್ತಾಂತ

ಸರ್ವಜ್ಞನ ತಂದೆ ಮಾಸೂರಿನ ಬಸವರಸ, ತಾಯಿ ಅಬಲೂರಿನ ಕುಂಬಾರ ಮಾಳಿ ಎಂಬುದು ಪ್ರಚಲಿತ ಐತಿಹ್ಯ. ಇದಕ್ಕೆ ಮುಖ್ಯ ಆಧಾರ ಅವನ ಹೆಸರಿನಲ್ಲಿಯೇ ದೊರೆಯುವ ಕೆಲವು ತ್ರಿಪದಿಗಳು. ಇವು ಕವಿಯವೇ, ಪ್ರಕ್ಷಿಪ್ತವೇ ಎಂಬ ಸಂದೇಹ ವಿದ್ವಾಂಸರಲ್ಲಿ ಇದೆ. ಸಂಶೋಧನಾರ್ಥಿಗೆ ಇದಕ್ಕಿಂತ ಉತ್ತಮ ಪಾಠ ಮತ್ತೊಂದು ದೊರೆಯುವುದು ಕಷ್ಟ. ಈ ತ್ರಿಪದಿಗಳು ಯಾವ ಹಸ್ತಪ್ರತಿಗಳಲ್ಲಿವೆ, ಯಾವುವುಗಳಲ್ಲಿ ಇಲ್ಲ? ಪಾಠಾಂತರಗಳು ಯಾವುವು? ಭಾಷೆ ಉಳಿದ ತ್ರಿಪದಿಗಳೊಡನೆ ಹೊಂದುತ್ತದೆಯೇ?

ರೆವರೆಂಡ್ ಉತ್ತಂಗಿ ಚನ್ನಪ್ಪನವರು ಸಂಪಾದಿಸಿದ ಸರ್ವಜ್ಞನ ವಚನಗಳ ಸಂಕಲನ ೧೯೨೪ರಲ್ಲಿ ಪ್ರಕಟವಾಯಿತು. ಅಲ್ಲಿಂದ ಮುಂದೆ ಕ್ಷೇತ್ರಕಾರ್ಯದ ಸ್ವರೂಪವೂ ಬದಲಾಗುತ್ತದೆ. ಇಂದು ಮಾಸೂರಿನಲ್ಲಿ ಹಿರಿಯರೊಬ್ಬರು ಹೇಳುವ ತ್ರಿಪದಿ ಮನೆಯ ಹಿರಿಯರಿಂದ ಬಂದದ್ದೋ, ಶಾಲೆಯ ಪಠ್ಯದಿಂದ ಬಂದದ್ದೋ? ಅಚ್ಚಿನಿಂದ ಬಾಯಿಗೆ ಮರಳಿದ ಪಾಠವನ್ನು ಮೂಲ ಮೌಖಿಕ ಸಾಕ್ಷ್ಯವೆಂದು ಭಾವಿಸಿದರೆ ಇಡೀ ಅಧ್ಯಾಯವೇ ಕುಸಿಯುತ್ತದೆ. ಆದ್ದರಿಂದ ವಕ್ತೃವಿನ ವಯಸ್ಸು, ಓದು, ಕಲಿತ ಸಂದರ್ಭಗಳನ್ನು ದಾಖಲಿಸುವ ಶಿಸ್ತು ಮೊದಲ ದಿನದಿಂದಲೇ ಬರಬೇಕು.

೩. ಶಾಸನ ಮತ್ತು ಪುರಾಣ

ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಏಕಾಂತದ ರಾಮಯ್ಯನ ಶಾಸನವಿದೆ. ಸುಮಾರು ಕ್ರಿ.ಶ. ೧೨೦೦ರ ಈ ಶಾಸನವನ್ನು ಜೆ.ಎಫ್. ಫ್ಲೀಟರು ಎಪಿಗ್ರಾಫಿಯಾ ಇಂಡಿಕಾದ ೫ನೆಯ ಸಂಪುಟದಲ್ಲಿ ಪ್ರಕಟಿಸಿದರು. ಇದೇ ವ್ಯಕ್ತಿಯ ಕಥೆ ೧೩೬೯ರ ಭೀಮಕವಿಯ ಬಸವಪುರಾಣದಲ್ಲಿಯೂ ಬರುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿಸಿದಾಗ, ಹಳೆಯ ಆಕರವೆಲ್ಲ ನಿಷ್ಪಕ್ಷಪಾತವಲ್ಲ, ಪುರಾಣವೆಲ್ಲ ಕಟ್ಟುಕಥೆಯಲ್ಲ ಎಂಬ ವಿವೇಕ ಅಭ್ಯರ್ಥಿಗೆ ತಾನಾಗಿಯೇ ಮೂಡುತ್ತದೆ.

೪. ನಿಯಮ ಮತ್ತು ಆಸರೆ

ವಿಶ್ವವಿದ್ಯಾಲಯ ಅನುದಾನ ಆಯೋಗದ ೨೦೨೨ರ ನಿಯಮಾವಳಿ ಕೋರ್ಸ್‌ವರ್ಕಿಗೆ ಕನಿಷ್ಠ ೧೨ ಕ್ರೆಡಿಟ್, ಪದವಿಗೆ ಕನಿಷ್ಠ ೩ ವರ್ಷ ಮತ್ತು ಸಾಮಾನ್ಯವಾಗಿ ಗರಿಷ್ಠ ೬ ವರ್ಷಗಳನ್ನು ವಿಧಿಸಿದೆ. ಸಲಹಾ ಸಮಿತಿಯ ಮುಂದೆ ಪ್ರತಿ ಸೆಮಿಸ್ಟರಿನಲ್ಲಿ ಪ್ರಗತಿ ವರದಿಯನ್ನೂ ಬಯಸುತ್ತದೆ. ಈ ವರದಿ ಕೇವಲ ಸಹಿಯ ಕಾಗದವಾದರೆ ದೋಷಗಳು ಕೊನೆಯ ವರ್ಷದಲ್ಲಿ ಬೆಳಕಿಗೆ ಬರುತ್ತವೆ. ಅದರ ಬದಲು ಪ್ರತಿ ಸಲವೂ ಹತ್ತು ಪುಟ ಬರೆಹವನ್ನು ಸಮಿತಿ ಓದಿ ತಿದ್ದಿಕೊಡುವ ಪದ್ಧತಿ ಹೆಚ್ಚು ಫಲಕಾರಿ. ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಲೇ ಸಂಶೋಧನೆ ನಡೆಸುವವರಿಗೆ ಇಂಥ ಸಣ್ಣ ಗಡುವುಗಳು ಹೊರೆಯಲ್ಲ, ಊರುಗೋಲು.

ಇನ್ನೊಂದು ಆಸರೆಯೂ ಅಗತ್ಯ. ತನ್ನದೇ ಊರಿನ ಐತಿಹ್ಯವನ್ನು ಪರಿಶೀಲಿಸುವ ಅಭ್ಯರ್ಥಿ ಊರಿನ ಅಭಿಮಾನಕ್ಕೂ ಆಧಾರಗಳಿಗೂ ನಡುವೆ ಸಿಲುಕುತ್ತಾನೆ. ಜನರ ಶ್ರದ್ಧೆಯನ್ನು ಹಳಿಯದೆ, ಆಧಾರವನ್ನು ಮರೆಮಾಚದೆ ಬರೆಯುವ ಬಗೆಯನ್ನು ಮಾರ್ಗದರ್ಶಕರು ಕಲಿಸಬೇಕು. ‘ಇದು ಸಿದ್ಧವಾಗುವುದಿಲ್ಲ’ ಎಂಬುದೂ ಒಂದು ಫಲಿತವೆಂದು ಒಪ್ಪಿ, ಅಂಥ ತೀರ್ಮಾನದ ಜೊತೆಗೆ ನಿಲ್ಲಬೇಕು.

೫. ಸಮಾರೋಪ

ಮಹಾಪ್ರಬಂಧ ಮುಗಿದ ಮೇಲೆ ಉಳಿಯಬೇಕಾದುದು ಪದವಿಯಷ್ಟೇ ಅಲ್ಲ, ಆಕರವನ್ನು ಪ್ರಶ್ನಿಸುವ ಅಭ್ಯಾಸ. ಆ ಅಭ್ಯಾಸಕ್ಕೆ ಬೇಕಾದ ಸಾಮಗ್ರಿ ದೂರದ ಗ್ರಂಥಾಲಯಗಳಲ್ಲಿರುವಂತೆ ಮಾಸೂರು, ಅಬಲೂರುಗಳಂಥ ಊರುಗಳಲ್ಲಿಯೂ ಇದೆ. ಅಲ್ಲಿಗೆ ಅಭ್ಯರ್ಥಿಯನ್ನು ಕಳುಹಿಸುವುದಷ್ಟೇ ಸಾಲದು. ಮೊದಲ ಸಲವಾದರೂ ಮಾರ್ಗದರ್ಶಕರು ಜೊತೆಗೆ ಹೋಗಬೇಕು.