ಇಳಿದ ದಿನವೇ ಊರು ಸುತ್ತಬೇಕೆ?

ಪ್ರಶ್ನೆ: ನನಗೆ 62 ವರ್ಷ, ಯಜಮಾನರಿಗೆ 68. ಅವರಿಗೆ ಸಕ್ಕರೆ ಕಾಯಿಲೆ, ರಾತ್ರಿ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಜೂನ್‌ನಲ್ಲಿ ಮೊದಲ ಸಲ ಲಂಡನ್ನಿಗೆ, ಮಗನ ಮನೆಗೆ ಹೊರಟಿದ್ದೇವೆ. ಸಂಜೆ ಮಂಗಳೂರಿನಿಂದ ಬೆಂಗಳೂರು, ರಾತ್ರಿಯಿಡೀ ವಿಮಾನ ನಿಲ್ದಾಣದಲ್ಲಿ ಕೂತು, ಬೆಳಗ್ಗೆ ಹೊರಟರೆ ಅಲ್ಲಿಯ ಮಧ್ಯಾಹ್ನ ತಲುಪುತ್ತೇವಂತೆ. ಸೊಸೆ ಅಂದೇ ಸಂಜೆಗೆ ಲಂಡನ್ ಐ, ಎಂಟು ಗಂಟೆಗೆ ಥೇಮ್ಸ್ ನದಿಯ ದೋಣಿಯಲ್ಲಿ ಊಟ ಎಂದು ಟಿಕೆಟ್ ಮಾಡಿಸಿಟ್ಟಿದ್ದಾಳೆ. ಮಗನಿಗೆ ರಜೆ ಇರುವುದು ನಾಲ್ಕೇ ದಿನ. ಅಮೆರಿಕಕ್ಕೆ ಹೋಗಿದ್ದ ನನ್ನ ನಾದಿನಿ ಹೀಗೇ ಮೊದಲ ದಿನ ಸುತ್ತಲು ಹೋಗಿ, ಮ್ಯೂಸಿಯಂನ ಬೆಂಚಿನಲ್ಲಿ ನಿದ್ದೆ ಹೋಗಿ ನಗೆಪಾಟಲಾದರು. ಬೇಡವೆಂದರೆ ಸೊಸೆಗೆ ಬೇಸರ, ಹೂಂ ಎಂದರೆ ಯಜಮಾನರ ಆರೋಗ್ಯದ ಹೆದರಿಕೆ. ಏನು ಮಾಡಲಿ?
– ಓದುಗರು, ಮೀಂಜ

ಉತ್ತರ: ಅಕ್ಕ, ಮೊದಲು ಹೊತ್ತಿನ ಲೆಕ್ಕ ಹಾಕೋಣ. ಜೂನ್‌ನಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ದೋಣಿಯಲ್ಲಿ ಊಟ ಬಡಿಸುವ ಹೊತ್ತಿಗೆ ಮೀಂಜದಲ್ಲಿ ನಡುರಾತ್ರಿ ಹನ್ನೆರಡೂವರೆ. ಅದರ ಹಿಂದಿನ ರಾತ್ರಿಯೂ ನೀವು ಸರಿಯಾಗಿ ಮಲಗಿರುವುದಿಲ್ಲ. ಟಿಕೆಟ್ ಮಾಡಿಸುವಾಗ ಸೊಸೆ ಅಲ್ಲಿಯ ಗಡಿಯಾರ ನೋಡಿದ್ದಾಳೆ, ನಿಮ್ಮದನ್ನು ನೋಡಿಲ್ಲ, ಅಷ್ಟೇ.

ರಾತ್ರಿಯಿಡೀ ಬಯಲಾಟ ನೋಡಿ ಬೆಳಗ್ಗೆ ಅಡಿಕೆ ತೋಟಕ್ಕೆ ಇಳಿದವರು ನಿಮ್ಮ ಕಡೆ ಬೇಕಾದಷ್ಟು ಮಂದಿ. ಒಂದು ರಾತ್ರಿ ನಿದ್ದೆಗೆಟ್ಟರೆ ಏನು ಮಹಾ ಎಂದು ಯಜಮಾನರೇ ಹೇಳಿಯಾರು. ಆದರೆ ಆಟ ಮುಗಿದಾಗ ಮೂಡುವುದು ನಮ್ಮೂರಿನದೇ ಸೂರ್ಯ. ಮಧ್ಯಾಹ್ನ ಒಂದು ನಿದ್ದೆ ತೆಗೆದರೆ ಸರಿಹೋಯಿತು. ವಿಮಾನ ಇಳಿದವರಿಗೆ ನಿದ್ದೆಗೇಡಿನ ಜೊತೆ ಇನ್ನೊಂದು ಪೀಡೆ ಇದೆ, ಮೈಯೊಳಗಿನ ಗಡಿಯಾರ ಇನ್ನೂ ಊರಲ್ಲೇ ಉಳಿದಿರುತ್ತದೆ. ಅದು ಹೊಸ ಜಾಗಕ್ಕೆ ಹೊಂದಿಕೊಳ್ಳುವುದು ಹೆಚ್ಚುಕಡಿಮೆ ದಿನಕ್ಕೊಂದು ಗಂಟೆಯಂತೆ. ಪಶ್ಚಿಮಕ್ಕೆ ಹೋಗುವಾಗ ತುಸು ಬೇಗ.

ಈ ಗಡಿಯಾರ ಬರೀ ಮಾತಿನ ಚಮತ್ಕಾರವಲ್ಲ. 1729ರಲ್ಲಿ ಫ್ರಾನ್ಸಿನ ಡಿ ಮೈರಾನ್ ಎಂಬ ವಿಜ್ಞಾನಿ ನಿಮ್ಮ ತೋಟದ ಬದಿಯಲ್ಲಿ ಬೆಳೆಯುವ ನಾಚಿಕೆ ಮುಳ್ಳಿನ ಜಾತಿಯ ಗಿಡವೊಂದನ್ನು ಕತ್ತಲಲ್ಲಿಟ್ಟು ನೋಡಿದ. ಬೆಳಕಿಲ್ಲದಿದ್ದರೂ ಅದರ ಎಲೆಗಳು ಹೊತ್ತಿಗೆ ಸರಿಯಾಗಿ ಬಿಚ್ಚಿಕೊಂಡು, ಹೊತ್ತಿಗೆ ಸರಿಯಾಗಿ ಮುದುಡುತ್ತಿದ್ದವು. ನಮ್ಮ ಮೆದುಳಿನಲ್ಲಿ, ಕಣ್ಣಿನ ನರಗಳು ಸಂಧಿಸುವ ಜಾಗದ ಮೇಲ್ಗಡೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪು ಈ ಕೆಲಸ ಮಾಡುತ್ತದೆ. ಜೀವಕೋಶದೊಳಗೆ ಈ ಗಡಿಯಾರ ಹೇಗೆ ನಡೆಯುತ್ತದೆಂದು ಕಂಡುಕೊಂಡ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಅದನ್ನು ಹೊಸ ಊರಿಗೆ ತಿರುಗಿಸುವ ದೊಡ್ಡ ಕೈ ಬೆಳಕಿನದು. ಪಶ್ಚಿಮಕ್ಕೆ ಹೋದವರಿಗೆ ಬೇಕಾದದ್ದು ಸಂಜೆಯ ಬೆಳಕು. ಲಂಡನ್ನಿನಲ್ಲಿ ಜೂನ್ ತಿಂಗಳ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ನಿಮ್ಮ ಅದೃಷ್ಟ ಅಲ್ಲಿದೆ.

ಹಾಗಾಗಿ ಇಳಿದ ದಿನ ಮನೆಯೊಳಗೆ ಮುಸುಕು ಹಾಕಿ ಮಲಗಿರಿ ಎಂದು ನಾನು ಹೇಳುವುದಿಲ್ಲ. ಹೊರಗೆ ಹೋಗಿ. ಆದರೆ ಹೋದ ಜಾಗ ಬಯಲಲ್ಲಿರಬೇಕು, ಕೂರಲು ಬೆಂಚು ಬೇಕು, ಸಾಕೆನಿಸಿದ ಕ್ಷಣ ಎದ್ದು ಬರುವಂತಿರಬೇಕು. ನೀರಿನ ನಡುವಿನ ದೋಣಿಯಿಂದ ಅರ್ಧಕ್ಕೆ ಎದ್ದು ಬರಲಾಗದು. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಮ್ಮ ಬಸವಣ್ಣನ ಪ್ರತಿಮೆ ಇದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ ಮುಂದೆ ನಿಂತು ಮಾಡಿಸಿದ ಕೆಲಸ; 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ಅಲ್ಲಿ ನದಿಗುಂಟ ನಿಧಾನಕ್ಕೆ ನಡೆಯಿರಿ, ಆಚೆ ದಡದ ಸಂಸತ್ ಭವನ ನೋಡಿ, ಒಂದು ಫೋಟೋ ತೆಗೆಸಿಕೊಳ್ಳಿ, ಮನೆಗೆ ಬನ್ನಿ. ಮಗನ ಮನೆ ದೂರವಿದ್ದರೆ ಇದೂ ಬೇಡ, ಅವನ ಬೀದಿಯ ಪಾರ್ಕೇ ಸಾಕು. ಮ್ಯೂಸಿಯಂ ಮಾತ್ರ ಮೂರನೆಯ ದಿನಕ್ಕೆ ಇರಲಿ. ತಣ್ಣನೆಯ, ಮಂದ ಬೆಳಕಿನ ಕೋಣೆಗಳಲ್ಲಿ ನಿಮ್ಮ ನಾದಿನಿ ಅಲ್ಲ, ಯಾರಾದರೂ ನಿದ್ದೆ ಹೋಗುತ್ತಾರೆ.

ಮನೆ ತಲುಪಿದ ಕೂಡಲೇ ಕಣ್ಣು ಎಳೆದರೆ ಅರ್ಧ ಗಂಟೆ ಮಲಗಿ, ಅಲಾರಾಂ ಇಟ್ಟು. ಎರಡು ಗಂಟೆ ಮಲಗಿದರೆ ರಾತ್ರಿ ಕೆಡುತ್ತದೆ. ಸಂಜೆ ಕಾಫಿ ಬೇಡ. ಒಂಬತ್ತರವರೆಗೆ ತಡೆದು, ಕುಚ್ಚಲಕ್ಕಿ ಗಂಜಿಯೋ ಚಪಾತಿಯೋ ಹಗುರಾಗಿ ತಿಂದು ಮಲಗಿ. ಬೆಳಗಿನ ಜಾವ ಮೂರಕ್ಕೆ ಹಸಿವೆಯಾಗಿ ಎಚ್ಚರವಾದರೆ ಗಾಬರಿಯಾಗಬೇಡಿ, ಊರಲ್ಲಿ ಅದು ಏಳೂವರೆ, ನೀರುದೋಸೆಯ ಹೊತ್ತು. ದೊಡ್ಡ ದೀಪ ಹಾಕದೆ, ಮೊಬೈಲ್ ಮುಟ್ಟದೆ, ಪರದೆ ಎಳೆದುಕೊಂಡು ಸುಮ್ಮನೆ ಮಲಗಿರಿ.

ಯಜಮಾನರ ಇನ್ಸುಲಿನ್ ವಿಷಯ ಅಂಕಣ ಓದಿ ತೀರ್ಮಾನಿಸುವಂಥದ್ದಲ್ಲ. ಹೋಗುವ ದಿನ ನಿಮ್ಮ ಪಾಲಿಗೆ ನಾಲ್ಕೂವರೆ ಗಂಟೆ ಉದ್ದವಾಗುತ್ತದೆ, ಊಟದ ಹೊತ್ತೂ ಚುಚ್ಚುವ ಹೊತ್ತೂ ಜರುಗುತ್ತವೆ. ಟಿಕೆಟ್ ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ, ಯಾವ ಊರಿನ ಎಷ್ಟು ಗಂಟೆಗೆ ಎಷ್ಟು ಯೂನಿಟ್ ಎಂದು ಬರೆಸಿಕೊಳ್ಳಿ. ಔಷಧಿಯೆಲ್ಲ ಕೈಚೀಲದಲ್ಲಿರಲಿ, ವಿಮಾನದ ಕೆಳಗಿನ ಸರಕಿನಲ್ಲಿ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು.

ಇನ್ನು ಸೊಸೆ. ಮಗನ ಮೂಲಕ ಹೇಳಿಸಬೇಡಿ, ಅಲ್ಲೇ ಮಾತು ಕೆಡುವುದು. ಈ ವಾರವೇ ನೀವೇ ಫೋನ್ ಮಾಡಿ. "ಮಗಾ, ದೋಣಿಯ ಊಟ ನನಗೆ ಎಚ್ಚರ ಇರುವಾಗ ಬೇಕು. ಮೂರನೆಯ ದಿನಕ್ಕೆ ಮಾಡ್ಲಿಕ್ಕೆ ಆಗ್ತದಾ? ಮಾವನವರ ಇನ್ಸುಲಿನ್ ಹೊತ್ತು ಕೂಡ ನೋಡಬೇಕಲ್ಲ" ಎನ್ನಿ. ಆಸೆಪಟ್ಟು ಮಾಡಿದ್ದನ್ನು ತಳ್ಳಿಹಾಕಿದರು ಎಂದು ಅವಳಿಗೆ ಅನಿಸದು. ದಿನ ಬದಲಾಗದಿದ್ದರೆ ಟಿಕೆಟ್ ಅವರ ಸ್ನೇಹಿತರಿಗೆ ಹೋಗಲಿ. ಹೂಂ ಎಂದು ಹೋಗಿ, ದೋಣಿಯಲ್ಲಿ ತೂಕಡಿಸುವ ಅತ್ತೆ-ಮಾವನನ್ನು ನೋಡುವುದು ಅವಳಿಗೆ ಅದಕ್ಕಿಂತ ದೊಡ್ಡ ಬೇಸರ.

ಹಿಂದಿರುಗುವುದು ಪೂರ್ವಕ್ಕೆ, ಅದು ಇದಕ್ಕಿಂತ ಕಷ್ಟ. ಚೌತಿಗೆ ಊರಲ್ಲಿರಬೇಕೆಂದು ಹಿಂದಿನ ದಿನ ಬಂದಿಳಿಯುವ ಯೋಚನೆಯಿದ್ದರೆ ಟಿಕೆಟನ್ನು ನಾಲ್ಕು ದಿನ ಮುಂಚಿತವಾಗಿ ಮಾಡಿಸಲು ಮಗನಿಗೆ ಅದೇ ಫೋನಿನಲ್ಲಿ ಹೇಳಿಬಿಡಿ.