ದುಡ್ಡು ಬಂತಾ? ನಿಮ್ಮ ಫೋನ್ ನೋಡಿ

ನಿಮಗೆ ಬಾವಲಿಯಲ್ಲಿ ಒಂದು ಸಣ್ಣ ಅಂಗಡಿ ಇದೆ ಎಂದುಕೊಳ್ಳಿ. ಮಾನಂದವಾಡಿಯಿಂದ ಮೈಸೂರಿಗೆ ಹೋಗುವ ದಾರಿ ಅದು. ಕಾಡುಪ್ರಾಣಿಗಳಿಗೆ ತೊಂದರೆ ಆಗಬಾರದೆಂದು ಸಂಜೆ 6 ಗಂಟೆಗೆ ಗೇಟು ಹಾಕುತ್ತಾರೆ. ಬೆಳಿಗ್ಗೆ 6ಕ್ಕೇ ತೆಗೆಯುವುದು. ಹಾಗಾಗಿ ಐದೂವರೆಗೆ ಬಂದ ಗಿರಾಕಿಗೆ ಬಲು ಅವಸರ.

ಒಬ್ಬ ಬಂದ. 640 ರೂಪಾಯಿ ಸಾಮಾನು ಕಟ್ಟಿಸಿದ. ತನ್ನ ಫೋನ್ ತೋರಿಸಿದ. "ದುಡ್ಡು ಹಾಕಿದ್ದೀನಿ, ನೋಡಿ. ಗೇಟು ಹಾಕಿಬಿಡ್ತಾರೆ, ಬರ್ತೀನಿ" ಅಂದ. ಫೋನಿನಲ್ಲಿ ಹಸಿರು ಗುರುತು ಇದೆ. ಏನು ಮಾಡುತ್ತೀರಿ?

ಸ್ವಲ್ಪ ನಿಲ್ಲಿಸಿ. ಅವನ ಫೋನಿನಲ್ಲಿ ಇರುವುದು ಬರೀ ಚಿತ್ರ ಇರಬಹುದು. ಸುಳ್ಳು ರಸೀದಿ ತೋರಿಸುವ ಆ್ಯಪ್‌ಗಳೂ ಇವೆ. ಸುಳ್ಳು ಮೆಸೇಜೂ ಬರುತ್ತದೆ. ನಿಮ್ಮ ಫೋನಿನ ಆ್ಯಪ್ ತೆರೆಯಿರಿ. ಖಾತೆಯ ಲೆಕ್ಕದಲ್ಲಿ 640 ಎಂಬ ಅಂಕಿ ಬಂದಿದೆಯೇ ಓದಿ. ನೆಟ್‌ವರ್ಕ್ ಇಲ್ಲವೇ? ನಗದು ಕೇಳಿ. ಗಿರಾಕಿ ಏನೆಂದುಕೊಂಡಾನೋ ಎಂಬ ಸಂಕೋಚ ಬೇಡ. ನೋಟು ಕೊಟ್ಟರೆ ಎಣಿಸುವುದಿಲ್ಲವೇ? ಇದೂ ಎಣಿಸಿದ ಹಾಗೆಯೇ.

ಗೋಡೆಗೆ ಅಂಟಿಸಿದ ಕ್ಯೂಆರ್ ಚೀಟಿಯನ್ನೂ ದಿನಾ ನೋಡಿ. ಅದರ ಮೇಲೆ ಕಳ್ಳರು ತಮ್ಮ ಚೀಟಿ ಅಂಟಿಸುವುದುಂಟು. ಆಗ ನಿಮ್ಮ ದುಡ್ಡು ಅವರ ಖಾತೆಗೆ ಹೋಗುತ್ತದೆ. ಬೇರೆ ಫೋನಿನಿಂದ ಸ್ಕ್ಯಾನ್ ಮಾಡಿ, ನಿಮ್ಮ ಹೆಸರು ಬರುತ್ತದೆಯೇ ಓದಿ.

ಇನ್ನೊಂದು ಮಾತು. ದುಡ್ಡು ಕೊಡುವಾಗ ಪಿನ್ ಬೇಕು. ದುಡ್ಡು ಬರಲು ಪಿನ್ ಬೇಡ. "ಪಿನ್ ಒತ್ತಿ, ದುಡ್ಡು ಬರುತ್ತೆ" ಎಂದು ಯಾರಾದರೂ ಅಂದರೆ ಅದು ಮೋಸ.

ನಿಮ್ಮ ಖಾತೆಯಿಂದಲೇ ದುಡ್ಡು ಹೋಯಿತೇ? ಕೂಡಲೇ 1930ಕ್ಕೆ ಫೋನ್ ಮಾಡಿ. ನಾಳೆ ನೋಡೋಣ ಅನ್ನಬೇಡಿ. ಬೇಗ ಹೇಳಿದರೆ ಕಳ್ಳನ ಖಾತೆಯಲ್ಲೇ ಆ ದುಡ್ಡನ್ನು ತಡೆಯಲು ಆಗಬಹುದು. ಬ್ಯಾಂಕಿಗೂ ತಿಳಿಸಿ.

ಪೊಲೀಸ್ ಠಾಣೆಗೂ ದೂರು ಕೊಡಿ. ವಯನಾಡಿನಲ್ಲಿ ದೂರನ್ನು ಮಲಯಾಳದಲ್ಲಿ ಬರೆದುಕೊಳ್ಳಬಹುದು. ನಮ್ಮಲ್ಲಿ ಹಲವರಿಗೆ ಮಲಯಾಳ ಮಾತು ಬರುತ್ತದೆ, ಓದಲು ಬರುವುದಿಲ್ಲ. ಹೆದರಬೇಡಿ. ನೀವು ಬಾಯಲ್ಲಿ ಹೇಳಿದ್ದನ್ನು ಬರೆದು, ನಿಮಗೆ ಓದಿ ಹೇಳಬೇಕು. ಅದು ಕಾನೂನು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲೂ ಇದು ಇದೆ. "ಓದಿ ಹೇಳಿ ಸಾರ್" ಎಂದು ಕೇಳಿ. ತಿಳಿಯದಿದ್ದರೆ ಎರಡೂ ಭಾಷೆ ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ. ದಿನ, ಹೊತ್ತು, ಮೊತ್ತ ಸರಿಯಾಗಿದ್ದರೆ ಮಾತ್ರ ಸಹಿ ಮಾಡಿ. ಎಫ್‌ಐಆರ್ ಆದರೆ ಅದರ ಪ್ರತಿ ಬಿಟ್ಟಿಯಾಗಿ ಸಿಗುತ್ತದೆ. ಕೇಳಿ ಪಡೆಯಿರಿ.

ಅಭ್ಯಾಸ: ದೊಡ್ಡ ಅಂಕಿಯಲ್ಲಿ 1930 ಎಂದು ಬರೆಯಿರಿ. ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ.