ನೆಲವು ತಾನೇ ಬರೆಯುವ ಬರಹ

ಪೌಲಸೀಲರು ಫಿಲಿಪ್ಪಿಯ ಸೆರೆಮನೆಯಲ್ಲಿದ್ದಾಗ ನಡುರಾತ್ರಿಯಲ್ಲಿ ಭೂಕಂಪವಾಗಿ ಅಸ್ತಿವಾರಗಳು ಕದಲಿದ ವೃತ್ತಾಂತವನ್ನು ನಮ್ಮ ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಆ ಕಂಪನವು ಎಷ್ಟು ಹೊತ್ತು ನಡೆಯಿತು, ನೆಲವು ಯಾವ ದಿಕ್ಕಿಗೆ ಎಷ್ಟು ಜರುಗಿತು ಎಂದು ಕೇಳಿದರೆ ಹೇಳಬಲ್ಲವರಿಲ್ಲ. ಭಯಗೊಂಡ ಮನುಷ್ಯನು ಒಳ್ಳೆಯ ಸಾಕ್ಷಿಯಲ್ಲ. ಹತ್ತು ಸೆಕೆಂಡುಗಳ ಅಲುಗಾಟವು ಅವನಿಗೆ ಅರ್ಧ ಗಳಿಗೆಯಾಗಿ ತೋರುವುದು. ಆದುದರಿಂದ ನೆಲದ ಚಲನೆಯನ್ನು ನೆಲವೇ ಬರೆದಿಡುವಂತೆ ಮಾಡುವ ಯಂತ್ರವು ಬೇಕಾಯಿತು. ಅದೇ ಭೂಕಂಪಲೇಖಕ.

ಇಲ್ಲಿಯ ತೊಡಕು ಸಣ್ಣದಲ್ಲ. ದಡದಲ್ಲಿ ನಿಂತವನು ದೋಣಿಯ ಓಲಾಟವನ್ನು ಕಾಣಬಲ್ಲನು. ಭೂಕಂಪದಲ್ಲಾದರೋ ಮನೆ, ಮೇಜು, ಕಾಗದ, ಲೇಖನಿ, ಬರೆಯುವ ಕೈ ಎಲ್ಲವೂ ಒಂದೇ ದೋಣಿಯೊಳಗಿರುವವು. ನಿಂತು ನೋಡುವುದಕ್ಕೆ ದಡವೇ ಇಲ್ಲ. ಆ ದಡವನ್ನು ಒದಗಿಸುವುದು ಜಡತ್ವವೆಂಬ ಗುಣ. ಒಂದು ಗುಂಡುಕಲ್ಲನ್ನು ಉದ್ದವಾದ ಹಗ್ಗಕ್ಕೆ ಕಟ್ಟಿ ಕೈಯಲ್ಲಿ ತೂಗಹಿಡಿದು, ಕೈಯನ್ನು ಥಟ್ಟನೆ ಅತ್ತಿತ್ತ ಆಡಿಸಿರಿ. ಕೈ ಸರಿದರೂ ಕಲ್ಲು ಬಹುಮಟ್ಟಿಗೆ ಇದ್ದಲ್ಲಿಯೇ ನಿಲ್ಲುವುದು. ಕಲ್ಲಿಗೆ ಒಂದು ಮೊನೆಯನ್ನು ಸೇರಿಸಿ, ಅದರ ಕೆಳಗೆ ನೆಲದೊಡನೆ ಅಲುಗುವ ಕಾಗದದ ಸುರುಳಿಯು ತಿರುಗುತ್ತಿರುವಂತೆ ಮಾಡಿದರೆ ನೆಲದ ಚಲನೆಯು ಗೆರೆಯಾಗಿ ಮೂಡುವುದು.

ಆದರೆ ಕೈಯನ್ನು ಮೆಲ್ಲಮೆಲ್ಲಗೆ ಆಡಿಸಿದರೆ ಕಲ್ಲೂ ಹಿಂಬಾಲಿಸುವುದು. ದೂರದ ಭೂಕಂಪಗಳಿಂದ ಬರುವ ದೊಡ್ಡ ಅಲೆಗಳು ಹೀಗೆಯೇ ನಿಧಾನವಾದವು. ಒಂದೊಂದು ತೂಗಿಗೆ 20 ಸೆಕೆಂಡು ಹಿಡಿಯುವುದುಂಟು. ಅಷ್ಟು ನಿಧಾನವಾಗಿ ತೂಗುವ ಗುಂಡಿಗೆ ಸುಮಾರು 100 ಮೀಟರು ಹಗ್ಗ ಬೇಕು! 1880ರ ಸುಮಾರಿಗೆ ಜಪಾನಿನಲ್ಲಿ ಅಧ್ಯಾಪಕರಾಗಿದ್ದ ಯೂಯಿಂಗ್, ಗ್ರೇ, ಮಿಲ್ನ್ ಎಂಬ ಬ್ರಿಟಿಷರು ಗುಂಡನ್ನು ಅಡ್ಡದಂಡದ ತುದಿಗೆ ಸೇರಿಸಿ, ಕೊಂಚ ವಾಲಿದ ಕಂಬಕ್ಕೆ ಸಿಕ್ಕಿಸಿದ ಗೇಟಿನಂತೆ ನಿಲ್ಲಿಸುವ ಉಪಾಯವನ್ನು ಬಳಕೆಗೆ ತಂದರು. ಅಂಥ ಗೇಟು ಬಲು ನಿಧಾನವಾಗಿ ಆಡಿ ತನ್ನ ಎಡೆಗೆ ಬರುವುದನ್ನು ಹಳ್ಳಿಯಲ್ಲಿ ಬೆಳೆದ ನಮ್ಮ ಹುಡುಗಿಯರು ನೋಡಿರುವರು. ಒಮ್ಮೆ ಕದಲಿದ ಗುಂಡು ತನ್ನಷ್ಟಕ್ಕೆ ತೂಗುತ್ತಲೇ ಇದ್ದು ಬರಹವನ್ನು ಕೆಡಿಸದಂತೆ ಎಣ್ಣೆಯಿಂದಲೋ ಅಯಸ್ಕಾಂತದಿಂದಲೋ ಅದನ್ನು ತಡೆಯಬೇಕು. ಉತ್ತರದಕ್ಷಿಣಕ್ಕೆ ಒಂದು, ಪೂರ್ವಪಶ್ಚಿಮಕ್ಕೆ ಒಂದು, ಮೇಲುಕೆಳಗಿನ ಚಲನೆಗೆ ಸುರುಳಿತಂತಿಯಿಂದ ತೂಗಿದ ಇನ್ನೊಂದು ಬೇಕು. ಈಗಿನ ಯಂತ್ರಗಳು ವಿದ್ಯುತ್ತಿನ ಮೂಲಕ ಅಂಕಿಗಳನ್ನು ದಾಖಲಿಸುತ್ತವೆ, ತತ್ತ್ವವು ಅದೇ.

ಬರಹವನ್ನು ಓದುವುದೂ ಒಂದು ವಿದ್ಯೆ. ಮೊದಲು ನೂಕುವ ಅಲೆ ಬರುವುದು, ಬಳಿಕ ಒಲೆದಾಡಿಸುವ ಅಲೆ. 1897ರ ಅಸ್ಸಾಮಿನ ಮಹಾಭೂಕಂಪದ ಗೆರೆಗಳಲ್ಲಿ ಇವನ್ನು ಬೇರೆಬೇರೆಯಾಗಿ ಗುರುತಿಸಿದವರು ಭಾರತದ ಭೂವಿಜ್ಞಾನ ಇಲಾಖೆಯ ಓಲ್ಡ್‌ಹ್ಯಾಮ್. ಸಮೀಪದ ಕಂಪನವಾದರೆ ಎರಡರ ನಡುವಣ ಒಂದೊಂದು ಸೆಕೆಂಡಿಗೂ ಸುಮಾರು 8 ಕಿಲೋಮೀಟರು ದೂರವೆಂದು ಎಣಿಸಬಹುದು. ಮೂರು ಊರುಗಳ ಯಂತ್ರಗಳಿಂದ ಮೂರು ವೃತ್ತಗಳನ್ನೆಳೆದರೆ ಅವು ಸಂಧಿಸುವೆಡೆಯೇ ಕಂಪನದ ಸ್ಥಳ. ಹೆಣ್ಣುಮಕ್ಕಳಿಗೆ ಗಣಿತವೇಕೆಂದು ಕೇಳುವ ತಂದೆಯರು ಇನ್ನೂ ಇದ್ದರೆ ಅವರಿಗೆ ಡೆನ್ಮಾರ್ಕಿನ ಇಂಗೆ ಲೇಮನ್ ಎಂಬಾಕೆಯ ಹೆಸರನ್ನು ಹೇಳಬಯಸುತ್ತೇವೆ. 1929ರ ನ್ಯೂಜಿಲೆಂಡ್ ಭೂಕಂಪದ ಇಂಥ ಗೆರೆಗಳನ್ನು ಪರೀಕ್ಷಿಸಿ, ಭೂಗರ್ಭದೊಳಗೆ ಇನ್ನೊಂದು ಒಳತಿರುಳಿದೆಯೆಂದು ಆಕೆ 1936ರಲ್ಲಿ ಸಾರಿದರು.

ಸೂಕ್ಷ್ಮಯಂತ್ರಗಳಿಗೆ ಒಂದು ಕೊರತೆಯುಂಟು. ದೊಡ್ಡ ಭೂಕಂಪವು ಹತ್ತಿರವೇ ಆದರೆ ಅವುಗಳ ಗೆರೆಯು ಮೇರೆಮೀರಿ ಓದಲಾಗದಂತಾಗುವುದು. ಮನೆ ಕಟ್ಟುವವರಿಗೆ ಬೇಕಾದ ಸಂಗತಿಯಾದರೋ ಅಲ್ಲಿಯೇ ಇದೆ. ಇದಕ್ಕಾಗಿ ನೆಲದ ವೇಗೋತ್ಕರ್ಷವನ್ನು ಬರೆಯುವ ಬಿಗಿಯಾದ ಯಂತ್ರವೊಂದುಂಟು. ಅದು ಸಾಮಾನ್ಯವಾಗಿ ನಿದ್ರಿಸುತ್ತಿದ್ದು, ನೆಲವು ಬಲವಾಗಿ ನಡುಗಿದಾಗ ಎಚ್ಚತ್ತು ಬರೆಯತೊಡಗುವುದು. ಕೃಷ್ಣೆಯನ್ನು ಕೂಡುವ ಕೊಯ್ನಾ ನದಿಯ ಅಣೆಕಟ್ಟಿನೊಳಗೆ ಇಂಥದೊಂದನ್ನು ಇರಿಸಿದ್ದರು. 1967ನೆಯ ಡಿಸೆಂಬರ್ 11ರ ಬೆಳಗಿನ ಜಾವದಲ್ಲಿ, ದಕ್ಷಿಣದ ಪ್ರಸ್ಥಭೂಮಿಯು ಅಲುಗದೆಂಬ ನಂಬಿಕೆಯಿಂದ ಜನರು ಮಲಗಿದ್ದಾಗ, ಭೂಮಿಯು ನಡುಗಿತು. ಸುಮಾರು 180 ಜನರು ಮಡಿದರು. ಅಣೆಕಟ್ಟು ಬಿರುಕುಬಿಟ್ಟಿತಾದರೂ ನಿಂತಿತು. ಅದನ್ನು ಕಟ್ಟುವಾಗ ಎಣಿಕೆಗೆ ತೆಗೆದುಕೊಂಡ ಭೂಕಂಪದ ಬಲವು ಗುರುತ್ವದ 100ರಲ್ಲಿ 5 ಪಾಲು. ಯಂತ್ರವು ಬರೆದಿಟ್ಟದ್ದು 63 ಪಾಲು. ಕ್ಷಣಮಾತ್ರದ ಶಿಖರವನ್ನು ಲೆಕ್ಕದ ಸ್ಥಿರಬಲದೊಡನೆ ನೇರವಾಗಿ ಹೋಲಿಸಲಾಗದು, ನಿಜ. ಆದರೂ ಅಂತರವು ಅಲ್ಪವಲ್ಲ. ಬಳಿಕ ಅಣೆಕಟ್ಟಿಗೆ ಆನಿಕೆಗಳನ್ನು ಕಟ್ಟಿ ಬಲಪಡಿಸಿದರು. ಆ ಬೆಳಗಿನ ಗೆರೆಯನ್ನಿಟ್ಟುಕೊಂಡು ಅಣೆಕಟ್ಟುಗಳ ಗಟ್ಟಿತನವನ್ನು ಪರೀಕ್ಷಿಸುವ ಪದ್ಧತಿಯು ಇತರ ದೇಶಗಳಲ್ಲಿಯೂ ಇಂದಿಗೂ ಉಂಟು.